ಗುಲಗಂಜಿ ತೂಕದ ಪಾಷಾಣ

ಕೊಳ್ಳೇಗಾಲದ ಕಡೆ ‘ಮದ್ದು’ ಎಂಬ ಮಾತಿಗೆ ಎರಡು ಮೈ. ಕೆಮ್ಮಿಗೆ ಕುಡಿಸುವುದೂ ಮದ್ದು, ಆಗದವರಿಗೆ ಅನ್ನದಲ್ಲಿ ಕಲಸಿ ಇಕ್ಕುವುದೂ ಮದ್ದು. ‘ಮದ್ದು ತೆಗೆಸ್ಕಂಡು ಬಂದೆ’ ಎಂದು ಯಾರಾದರೂ ಹೇಳಿದರೆ ಔಷಧಿ ಅಂಗಡಿಗೆ ಹೋಗಿದ್ದರು ಎಂದು ತಿಳಿಯಬಾರದು. ಯಾರೋ ಇಕ್ಕಿದ್ದನ್ನು ಕಕ್ಕಿಸಿಕೊಂಡು ಬಂದರು ಎಂದರ್ಥ. ‘ನಂಜು’ ಎಂಬ ಮಾತೂ ಹಾಗೆಯೇ. ಹಾವಿನ ಬಾಯಲ್ಲಿರುವುದು ನಂಜು, ಗಾಯ ಕೀವಾದರೂ ನಂಜು, ಬಾಣಂತಿಗೆ ಬದನೆಕಾಯಿಯೂ ನಂಜು. ಆ ನಂಜನ್ನು ಉಂಡು ಗಂಟಲಲ್ಲೇ ನಿಲ್ಲಿಸಿಕೊಂಡ ದೇವರು ಪಕ್ಕದ ನಂಜನಗೂಡಿನಲ್ಲಿ ನಂಜುಂಡನಾಗಿ ಕೂತಿದ್ದಾನೆ. ಅವನಿಗೆ ಹರಕೆ ಹೊತ್ತ ಮೇಲೆ ತನ್ನ ಆನೆಯ ಕಣ್ಣು ವಾಸಿಯಾಯಿತೆಂದು ಟಿಪ್ಪು ಸುಲ್ತಾನ ಅವನನ್ನು ‘ಹಕೀಂ ನಂಜುಂಡ’ ಎಂದು ಕರೆದನಂತೆ. ವಿಷ ಕುಡಿದವನೇ ವೈದ್ಯನಾಗುವುದು ನಮ್ಮ ಸೀಮೆಗೆ ಹೊಸದಲ್ಲ.

ಇಷ್ಟು ಪೀಠಿಕೆ ಹಾಕಲು ಕಾರಣ ಚೀನಾದ ಈಶಾನ್ಯ ಮೂಲೆಯಲ್ಲಿರುವ ಹಾರ್ಬಿನ್ ಎಂಬ ಚಳಿಯ ಊರು. ಅಲ್ಲಿನ ಹಳ್ಳಿ ವೈದ್ಯನೊಬ್ಬನ ಗುಟ್ಟಿನ ಮದ್ದು ಐವತ್ತು ವರ್ಷಗಳೊಳಗೆ ರಕ್ತದ ಕ್ಯಾನ್ಸರಿನ ಒಂದು ಬಗೆಯನ್ನೇ ಮಣಿಸಿತು. ಕೆಲವೇ ವಾರಗಳಲ್ಲಿ ಆಳನ್ನು ಕೊಂಡೊಯ್ಯುತ್ತಿದ್ದ ರೋಗ, ಇವತ್ತು ನೂರಕ್ಕೆ ತೊಂಬತ್ತರ ಆಸುಪಾಸು ಜನ ವಾಸಿಯಾಗಿ ಮನೆಗೆ ಹೋಗುವ ರೋಗವಾಗಿದೆ. ಆ ಮದ್ದಿನ ಹೆಸರು ನಮಗೂ ಗೊತ್ತು. ಪಾಷಾಣ.

ನಾನು ಚಿಕ್ಕವನಿದ್ದಾಗ ನಮ್ಮೂರ ಪೇಟೆಯ ಗ್ರಂಥಿಗೆ ಅಂಗಡಿಯಲ್ಲಿ ಹಿಪ್ಪಲಿ, ಬಜೆ, ಅಳಲೆಕಾಯಿ, ಜೇಷ್ಠಮಧುಗಳ ಡಬ್ಬಗಳು ಕೈಗೆಟುಕುವ ಸಾಲಿನಲ್ಲಿದ್ದವು. ಅರದಾಳ, ಮಣಿಶಿಲೆ, ಪಾಷಾಣಗಳು ಮೇಲಿನ ಹಲಗೆಯ ಮೇಲೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿ. ‘ಅದರಲ್ಲೇನದೆ ಶೆಟ್ರೇ?’ ಎಂದರೆ, ‘ಮುಟ್ಬ್ಯಾಡ ಕನ ಮಗ, ಮುಟ್ಟಿದ ಕೈ ಬಾಯಿಗಿಟ್ರೆ ಮುಗೀತು’ ಎಂದು ಕಣ್ಣು ಅಗಲ ಮಾಡುತ್ತಿದ್ದರು. ಅದನ್ನು ತೂಗಲು ಬೇರೆಯದೇ ತಕ್ಕಡಿ, ಅಕ್ಕಸಾಲಿಗರದಂಥ ಪುಟ್ಟ ತಟ್ಟೆಯದು. ಬಟ್ಟಿನ ಬದಲು ಗುಲಗಂಜಿ. ಕೆಂಪು ಮೈಗೆ ಕರಿ ಬೊಟ್ಟಿಟ್ಟ ಒಂದು ಗುಲಗಂಜಿಯ ತೂಕ ಸುಮಾರು 120 ಮಿಲಿಗ್ರಾಂ. ಬಿಳಿ ಪಾಷಾಣ ಅಷ್ಟು ಹೊಟ್ಟೆಗೆ ಹೋದರೆ ಒಬ್ಬ ದೊಡ್ಡ ಮನುಷ್ಯನನ್ನು ಕೊಲ್ಲಲು ಸಾಕು. ಇವತ್ತು ಆಸ್ಪತ್ರೆಯಲ್ಲಿ ದಿನಕ್ಕೆ ರಕ್ತನಾಳಕ್ಕೆ ಹನಿಸುವುದು 10 ಮಿಲಿಗ್ರಾಂ, ಅಂದರೆ ಗುಲಗಂಜಿಯ ಹನ್ನೆರಡರಲ್ಲಿ ಒಂದು ಪಾಲು. ಕೊಲ್ಲುವುದಕ್ಕೂ ಉಳಿಸುವುದಕ್ಕೂ ನಡುವೆ ಇರುವ ಜಾಗ ಅಷ್ಟೇ.

ಪಾಷಾಣವನ್ನು ಮದ್ದಾಗಿ ಕೊಡುವ ಧೈರ್ಯ ಚೀನೀಯರದು ಮಾತ್ರವಲ್ಲ. ಕೊಳ್ಳೇಗಾಲ 1956ರ ತನಕ ಮದ್ರಾಸು ಸೀಮೆಯ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ಕಡೆಯ ಸಿದ್ಧವೈದ್ಯ ಪಾಷಾಣಗಳನ್ನು ಅರುವತ್ತನಾಲ್ಕು ಬಗೆಯೆಂದು ಲೆಕ್ಕ ಹಾಕಿಟ್ಟಿದೆ. ನಮ್ಮವರು ಕಾವಡಿ ಹೊತ್ತು ಹೋಗುವ ಪಳನಿಯ ಮುರುಗನ ಮೂರ್ತಿಯನ್ನು ಒಂಬತ್ತು ಪಾಷಾಣ ಕೂಡಿಸಿ ಭೋಗರ್ ಎಂಬ ಸಿದ್ಧ ಮಾಡಿದನೆಂದು ಪ್ರತೀತಿ, ಆ ಭೋಗರ್‌ಗೆ ಚೀನಾದ ನಂಟಿತ್ತೆಂದೂ ಪ್ರತೀತಿ. ಇಂಗ್ಲೆಂಡಿನ ಥಾಮಸ್ ಫೌಲರ್ 1786ರಲ್ಲಿ ಪಾಷಾಣವನ್ನು ಕರಗಿಸಿ ಜ್ವರಕ್ಕೆ ಕುಡಿಸಿದ. 1865ರಲ್ಲಿ ಜರ್ಮನಿಯ ಲಿಸೌವರ್ ಅದೇ ದ್ರಾವಣವನ್ನು ರಕ್ತದ ಕ್ಯಾನ್ಸರಾದ ಹೆಂಗಸೊಬ್ಬಳಿಗೆ ಕೊಟ್ಟ, ಕೆಲವು ಕಾಲ ಆಕೆ ಚೇತರಿಸಿಕೊಂಡಳು. ಮುಂದೆ ಕ್ಷ-ಕಿರಣ ಬಂತು, ಹೊಸ ಮಾತ್ರೆಗಳು ಬಂದವು, ಪಾಶ್ಚಾತ್ಯರು ಪಾಷಾಣವನ್ನು ಮರೆತರು.

ಹಾರ್ಬಿನ್‌ನಲ್ಲಿ ಅದು ಮತ್ತೆ ತಲೆಯೆತ್ತಿದ್ದು ಸಾಂಸ್ಕೃತಿಕ ಕ್ರಾಂತಿಯ ಗದ್ದಲದ ವರ್ಷಗಳಲ್ಲಿ. ಊರ ಡಾಕ್ಟರರು ಹಳ್ಳಿಗೆ ಹೋಗಿ ಸೇವೆ ಮಾಡಬೇಕು, ನಾಟಿ ವೈದ್ಯವನ್ನೂ ಕಲಿಯಬೇಕು ಎಂಬುದು ಆಗಿನ ಸರಕಾರದ ಆಜ್ಞೆ. ಹಾಗೆ ಹಳ್ಳಿಗೆ ಹೋದವರಿಗೆ ಕಂಡದ್ದು ಚರ್ಮದ, ಕತ್ತಿನ ಗಡ್ಡೆಗಳಿಗೆ ಮೂರು ವಸ್ತು ಬೆರೆಸಿ ಕೊಡುತ್ತಿದ್ದ ಒಬ್ಬ ವೈದ್ಯ. ಆ ಮೂರು ಯಾವುವು ಗೊತ್ತೆ? ಪಾಷಾಣ, ಪಾದರಸದ ಒಂದು ಲವಣ, ಕಪ್ಪೆಯ ನಂಜು. ನಮ್ಮ ಕಡೆಯವರಿಗೆ ಇದನ್ನು ಹೇಳಿದರೆ ‘ಮಾಟ ಮಾಡಕ್ಕಾ?’ ಎಂದು ಕೇಳುತ್ತಾರೆ. ಹಾರ್ಬಿನ್ ವೈದ್ಯಕೀಯ ವಿಶ್ವವಿದ್ಯಾಲಯದ ಮೊದಲ ಆಸ್ಪತ್ರೆಯ ಔಷಧ ತಯಾರಕ ಹಾನ್ ತಾಯ್‌ಯುನ್ ಮೂಗು ಮುರಿಯಲಿಲ್ಲ. 1971ರ ಮಾರ್ಚಿನಲ್ಲಿ ಆ ಮೂರನ್ನೂ ಕರಗಿಸಿ ಸೂಜಿಮದ್ದಾಗಿಸಿದರು.

ಇಲ್ಲಿಂದ ಮುಂದಿನದು ಚಾಂಗ್ ಟಿಂಗ್‌ಡೊಂಗ್ ಎಂಬ ವೈದ್ಯರ ಕೆಲಸ, ನನ್ನ ಪ್ರಕಾರ ಇಡೀ ಕತೆಯ ತಿರುಳೂ ಇದೇ. ಗುಟ್ಟು ಸಿಕ್ಕಿತೆಂದು ಅವರು ಕೈಮುಗಿದು ಕೂರಲಿಲ್ಲ, ಮೂಢನಂಬಿಕೆ ಎಂದು ಬಿಸಾಡಲೂ ಇಲ್ಲ. ಒಂದೊಂದನ್ನೇ ತೆಗೆದು ನೋಡಿದರು. ಪಾದರಸದ ಲವಣ ಇದ್ದರೆ ಮೂತ್ರಪಿಂಡಕ್ಕೆ ಪೆಟ್ಟು. ಕಪ್ಪೆ ನಂಜು ಇದ್ದರೆ ರಕ್ತದೊತ್ತಡ ಏರುತ್ತಿತ್ತು. ಎರಡನ್ನೂ ಬಿಟ್ಟು ಪಾಷಾಣವೊಂದನ್ನೇ ಕೊಟ್ಟರೂ ಗುಣ ಕಂಡಿತು. ರಕ್ತದ ಕ್ಯಾನ್ಸರಿನ ಹಲವು ಬಗೆಗಳಲ್ಲಿ ಯಾವುದಕ್ಕೆ ಹೆಚ್ಚು ಹಿಡಿಯುತ್ತದೆ ಎಂದು ವರ್ಷಗಟ್ಟಲೆ ಲೆಕ್ಕ ಇಟ್ಟರು. 1973ರಲ್ಲಿ ಮೊದಲ ಬರಹ, 1979ರ ಹೊತ್ತಿಗೆ ಗುರಿ ಸ್ಪಷ್ಟ: ಪ್ರೊಮೈಲೊಸಿಟಿಕ್ ಲ್ಯುಕೇಮಿಯಾ. ಇದೆಲ್ಲ ಚೀನೀ ಭಾಷೆಯ ಸಣ್ಣ ಪತ್ರಿಕೆಗಳಲ್ಲಿ ಅಚ್ಚಾದದ್ದರಿಂದ ಹೊರಗಿನವರ ಕಣ್ಣಿಗೆ ಬೀಳಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು.

ಆ ರೋಗ ಏನೆಂದು ಹೇಳಲು ಕೊಳ್ಳೇಗಾಲದವರಿಗೆ ರೇಷ್ಮೆ ಹುಳುವಿಗಿಂತ ಒಳ್ಳೆಯ ಉದಾಹರಣೆ ಬೇಡ. ಹುಳು ನಾಲ್ಕು ಜ್ವರ ಎದ್ದು (ನಾಲ್ಕು ಸಲ ಪೊರೆ ಬಿಟ್ಟು), ಸೊಪ್ಪು ತಿಂದು ತಿಂದು ಹಣ್ಣಾಗಿ, ಮೈ ಪಾರದರ್ಶಕವಾಗಿ ಚಂದ್ರಿಕೆ ಏರಿದರೆ ಗೂಡು. ಮೂಳೆಯ ಮಜ್ಜೆಯಲ್ಲಿ ಹುಟ್ಟುವ ಬಿಳಿ ರಕ್ತಕಣಕ್ಕೂ ಹೀಗೇ ಹಂತಗಳಿವೆ. ಹಣ್ಣಾದ ಮೇಲೆ ರಕ್ತಕ್ಕೆ ಇಳಿದು ರೋಗಾಣುಗಳ ಜೊತೆ ಹೋರಾಡಿ ಕೆಲವೇ ದಿನಗಳಲ್ಲಿ ಸಾಯಬೇಕು. ಈ ಕಾಯಿಲೆಯಲ್ಲಿ ಕಣ ನಡು ಜ್ವರದಲ್ಲೇ ಕೂತುಬಿಡುತ್ತದೆ. ಹಣ್ಣಾಗುವುದಿಲ್ಲ, ಸಾಯುವುದೂ ಇಲ್ಲ. ಹುಳುವಾದರೆ ಬರೀ ಸೊಪ್ಪು ಖಾಲಿ ಮಾಡೀತು, ಈ ಕಣ ಒಂದು ಎರಡಾಗಿ, ಎರಡು ನಾಲ್ಕಾಗಿ ಮಜ್ಜೆಯನ್ನೆಲ್ಲ ತುಂಬಿಕೊಳ್ಳುತ್ತದೆ. ಸೂಕ್ಷ್ಮದರ್ಶಕದಲ್ಲಿ ಅದರೊಳಗೆ ಕಡ್ಡಿಕಡ್ಡಿಯಂಥ ಗೆರೆಗಳು ಕಟ್ಟುಕಟ್ಟಾಗಿ ಕಾಣುತ್ತವೆ. ಹನೂರಿನ ಕಾಡಂಚಿನಿಂದ ಹೆಂಗಸರು ಹೊತ್ತು ತರುವ ಸೌದೆ ಹೊರೆಯನ್ನು ಮೇಲಿನಿಂದ ನೋಡಿದ ಹಾಗೆ. ಇಂಗ್ಲಿಷ್ ವೈದ್ಯರು ಅದಕ್ಕಿಟ್ಟ ಹೆಸರಿನ ಅರ್ಥವೂ ಸೌದೆ ಹೊರೆಯೇ.

ಆ ಕಣಗಳಿಂದ ಸೋರುವ ದ್ರವ್ಯ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನು ಕೆಡಿಸುತ್ತದೆ. ಹಲ್ಲುಜ್ಜಿದರೆ ಒಸಡಿನಲ್ಲಿ ರಕ್ತ, ಮೈಮೇಲೆ ಪೆಟ್ಟಿಲ್ಲದೆ ನೀಲಿ ಕಲೆ, ಕೊನೆಗೆ ಮಿದುಳಿನಲ್ಲಿ ರಕ್ತಸ್ರಾವ. ನಾರ್ವೆಯ ಹಿಲ್ಲೆಸ್ಟಾಡ್ 1957ರಲ್ಲಿ ಇದನ್ನು ಬೇರೆ ರೋಗವೆಂದು ಗುರುತಿಸಿದಾಗ ರೋಗಿಗಳು ಬದುಕುತ್ತಿದ್ದುದು ವಾರಗಳ ಲೆಕ್ಕದಲ್ಲಿ. ಕಾರಣ ಗೊತ್ತಾದದ್ದು 1977ರಲ್ಲಿ. ಷಿಕಾಗೊದ ಜ್ಯಾನೆಟ್ ರೌಲಿ ಹದಿನೈದನೆಯ ಮತ್ತು ಹದಿನೇಳನೆಯ ವರ್ಣತಂತುಗಳು ತುಂಡಾಗಿ ಒಂದರ ತುದಿ ಇನ್ನೊಂದಕ್ಕೆ ಅಂಟಿಕೊಂಡಿರುವುದನ್ನು ತೋರಿಸಿಕೊಟ್ಟರು. ಆ ತಪ್ಪು ಬೆಸುಗೆಯಿಂದ ಹುಟ್ಟುವ ಜೋಡಿ ಪ್ರೋಟೀನೇ ಕಣ ಹಣ್ಣಾಗದಂತೆ ತಡೆದು ನಿಲ್ಲಿಸುವುದು.

ರೇಷ್ಮೆ ಸಾಕಣೆಯವರಿಗೆ ‘ಸಂಪೂರ್ಣ’ ಗೊತ್ತು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯವರು ಗಿಡದ ಸತ್ವದಿಂದ ಮಾಡಿಕೊಟ್ಟದ್ದು. ಸೊಪ್ಪಿಗೆ ಚಿಮುಕಿಸಿದರೆ ಹಿಂದುಮುಂದಾದ ಹುಳುಗಳೆಲ್ಲ ಒಟ್ಟಿಗೆ ಹಣ್ಣಾಗುತ್ತವೆ. ಹಣ್ಣಾಗದ ರಕ್ತಕಣಕ್ಕೂ ಅಂಥದೊಂದು ಇದ್ದೀತೆ ಎಂದು ಹುಡುಕಿದವರು ಶಾಂಘೈನ ರೂಯಿಜಿನ್ ಆಸ್ಪತ್ರೆಯ ವಾಂಗ್ ಚೆನ್‌ಯಿ. ಕ್ಯಾನ್ಸರ್ ಕಣವನ್ನು ಕೊಲ್ಲುವುದೊಂದೇ ದಾರಿ ಎಂದು ಲೋಕವೆಲ್ಲ ನಂಬಿದ್ದಾಗ ಅವರು ‘ಬುದ್ಧಿ ಕಲಿಸಲು’ ಹೊರಟರು. 1985ರಲ್ಲಿ ಐದು ವರ್ಷದ ಒಂದು ಹೆಣ್ಣುಮಗು ಸಾಯುವ ಸ್ಥಿತಿಯಲ್ಲಿತ್ತು. ಚರ್ಮರೋಗಕ್ಕೆ ಬಳಕೆಯಲ್ಲಿದ್ದ, ಎ ಜೀವಸತ್ವದ ಹತ್ತಿರದ ನೆಂಟನಾದ ರೆಟಿನೊಯಿಕ್ ಆಮ್ಲವನ್ನು ಅವರು ಅದಕ್ಕೆ ಕೊಡಿಸಿದರು. ಮಗು ಉಳಿಯಿತು. 1988ರಲ್ಲಿ 24 ರೋಗಿಗಳ ವಿವರ ಹೊರಬಂದಾಗ ಹೊರದೇಶದವರು ಮೊದಲು ನಂಬಲಿಲ್ಲ. ವಾಂಗ್ ಇದಕ್ಕೆ ಪೇಟೆಂಟ್ ಮಾಡಿಸಿಕೊಳ್ಳಲಿಲ್ಲ. ಹಾಗಾಗಿ ಮಾತ್ರೆ ಚೀನಾದಲ್ಲಿ ಬಡವರ ಕೈಗೂ ಎಟುಕಿತು.

ಆದರೆ ಆ ಆಮ್ಲವೊಂದನ್ನೇ ಕೊಟ್ಟರೆ ಕಾಯಿಲೆ ಹಲವರಲ್ಲಿ ಮರುಕಳಿಸುತ್ತಿತ್ತು. ಹಾರ್ಬಿನ್‌ನವರ ಪಾಷಾಣದ ಲೆಕ್ಕಪತ್ರ ಶಾಂಘೈಗೆ ಬಂದದ್ದು ಆ ಹೊತ್ತಿನಲ್ಲೇ. ವಾಂಗ್ ಅವರ ಶಿಷ್ಯ ಚೆನ್ ಚೂ (ಮುಂದೆ ಇವರು ಚೀನಾದ ಆರೋಗ್ಯ ಮಂತ್ರಿಯೂ ಆದರು) ಮತ್ತು ಚೆನ್ ಗುವೊಚಿಯಾಂಗ್ 1996-97ರಲ್ಲಿ ಕಣಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ಪಾಷಾಣ ಹನಿಸಿದರು. ಕಂಡದ್ದು ವಿಚಿತ್ರ. ತೀರ ಕಡಿಮೆ ಪ್ರಮಾಣದಲ್ಲಿ ಹಾಕಿದರೆ ಕಣಗಳು ಅರ್ಧಂಬರ್ಧ ಹಣ್ಣಾದವು. ಸ್ವಲ್ಪ ಹೆಚ್ಚಿಸಿದರೆ ತಮ್ಮನ್ನು ತಾವೇ ಕಳಚಿಕೊಂಡು ಸತ್ತವು. ಎರಡಕ್ಕೂ ಹಿಂದೆ ನಡೆದದ್ದು ಒಂದೇ, ಆ ಜೋಡಿ ಪ್ರೋಟೀನು ಮುರಿದುಬೀಳುತ್ತಿತ್ತು. ಹೇಗೆ ಮುರಿಯುತ್ತದೆ ಎಂಬುದು 2010ರಲ್ಲಿ ಬಿಡಿಸಿಕೊಂಡಿತು. ಪಾಷಾಣದ ಅಣು ಜೋಡಿಯ ಒಂದು ತುದಿಯಲ್ಲಿರುವ ಗಂಧಕದ ಕೊಂಡಿಗಳಿಗೇ ಹೋಗಿ ಕಚ್ಚಿಕೊಳ್ಳುತ್ತದೆ. ಕಚ್ಚಿದೊಡನೆ ಜೀವಕೋಶ ಆ ಪ್ರೋಟೀನಿಗೆ ‘ಇದು ಕಸ’ ಎಂಬ ಚೀಟಿ ಅಂಟಿಸಿ ತನ್ನದೇ ಕುಟ್ಟಣಿಗೆಗೆ ಹಾಕಿ ಪುಡಿಮಾಡುತ್ತದೆ. ರೆಟಿನೊಯಿಕ್ ಆಮ್ಲ ಹಿಡಿಯುವುದು ಇನ್ನೊಂದು ತುದಿಯನ್ನು. ಒಂದೇ ದಿಮ್ಮಿಗೆ ಇಬ್ಬರು ಎರಡು ಕಡೆ ನಿಂತು ಗರಗಸ ಎಳೆದ ಹಾಗೆ. ಇವೆರಡನ್ನೂ ಕೂಡಿಸಿ ಕೊಟ್ಟ ಇಟಲಿ-ಜರ್ಮನಿಯ ಪರೀಕ್ಷೆಯ ಫಲ 2013ರಲ್ಲಿ ಬಂತು: ಎರಡು ವರ್ಷದ ಮೇಲೂ ಕಾಯಿಲೆ ತಲೆಹಾಕದೆ ಉಳಿದವರು ನೂರಕ್ಕೆ 97. ಕೂದಲು ಉದುರಿಸುವ ಕೀಮೋ ಬೆರೆಸಿದ ಹಳೆಯ ಪದ್ಧತಿಯಲ್ಲಿ ಅದು 86 ಇತ್ತು.

ಅಮೆರಿಕದಲ್ಲಿ ಹನ್ನೆರಡು ಜನರಿಗೆ ಪಾಷಾಣ ಕೊಟ್ಟು ನೋಡಿದ ವರದಿ 1998ರಲ್ಲಿ ಬಂತು, ಹನ್ನೊಂದು ಜನರಲ್ಲಿ ಕಾಯಿಲೆ ಅಡಗಿತ್ತು. 2000ದ ಸೆಪ್ಟೆಂಬರಿನಲ್ಲಿ ಅಲ್ಲಿ ಸರಕಾರದ ಮಂಜೂರಾತಿ ಸಿಕ್ಕಿತು, ಸಿಕ್ಕಿದೊಡನೆ ಬೆಲೆ ಮುಗಿಲಿಗೇರಿತು. ಶತಮಾನಗಳಿಂದ ಇಲಿಪಾಷಾಣವೆಂದು ಕಾಸಿಗೆ ಮಾರಿದ ಪುಡಿ!

ನಮಗೆ ಹತ್ತಿರದ ಕತೆ ವೆಲ್ಲೂರಿನದು. ಕೊಳ್ಳೇಗಾಲ, ಹನೂರು ಕಡೆಯವರು ದೊಡ್ಡ ಕಾಯಿಲೆಗೆ ಮೈಸೂರು, ಇಲ್ಲವೇ 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ, ಅಲ್ಲೂ ಆಗದಿದ್ದರೆ ‘ರಾಯವೇಲೂರು’ ಎನ್ನುವುದು ಹಳೆಯ ರೂಢಿ. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವಿಕ್ರಮ್ ಮ್ಯಾಥ್ಯೂಸ್ ಮತ್ತವರ ಸಂಗಡಿಗರು ಅಮೆರಿಕದ ಮಂಜೂರಾತಿಗೆ ಕಾಯದೆ 1998ರಿಂದಲೇ ಪಾಷಾಣವೊಂದನ್ನೇ ಕೊಡತೊಡಗಿದರು. ಕೀಮೋದ ಖರ್ಚು, ಅದರಿಂದ ಬರುವ ಸೋಂಕಿನ ಖರ್ಚು ಹೊರಲಾರದವರೇ ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚು. ದೊಡ್ಡವರಿಗೆ ದಿನಕ್ಕೆ 10 ಮಿಲಿಗ್ರಾಂ, ಕಾಯಿಲೆ ಅಡಗುವ ತನಕ, ಹೆಚ್ಚೆಂದರೆ 60 ದಿನ. ನಾಲ್ಕು ವಾರ ಬಿಡುವು ಕೊಟ್ಟು ಮತ್ತೆ ನಾಲ್ಕು ವಾರ. ಆಮೇಲೆ ಆರು ತಿಂಗಳು, ತಿಂಗಳಿಗೆ ಹತ್ತು ದಿನ. 2004ರ ಕೊನೆಯ ತನಕ 72 ಜನಕ್ಕೆ ಹೀಗೆ ಕೊಟ್ಟರು. ನೂರಕ್ಕೆ 86 ಮಂದಿಯಲ್ಲಿ ಕಾಯಿಲೆ ಪೂರ್ತಿ ಅಡಗಿತು. 2006ರಲ್ಲಿ ಈ ಲೆಕ್ಕ ಅಚ್ಚಾದಾಗ ಜಗತ್ತಿನ ತಜ್ಞರು ಬೆರಗಾದದ್ದು ಅಂಕಿಗೆ ಮಾತ್ರವಲ್ಲ, ಇಷ್ಟು ಕಡಿಮೆ ಖರ್ಚಿನಲ್ಲಿ ಆಯಿತಲ್ಲ ಎಂಬುದಕ್ಕೆ. ಹಾಗೆಂದು ಪಾಷಾಣ ಸಾಧುವಾಯಿತೆಂದಲ್ಲ. ಹೃದಯದ ಬಡಿತ ತಪ್ಪೀತೆಂದು ಪದೇಪದೇ ಇಸಿಜಿ ತೆಗೆಯುತ್ತಾರೆ, ರಕ್ತದ ಪೊಟ್ಯಾಸಿಯಂ, ಮೆಗ್ನೀಸಿಯಂ ಅಳೆಯುತ್ತಾರೆ. ಕಣಗಳೆಲ್ಲ ಒಮ್ಮೆಲೇ ಹಣ್ಣಾದರೆ ಜ್ವರ, ಏದುಸಿರು ಬಂದು ಜೀವಕ್ಕೇ ಅಪಾಯವಾಗುವುದೂ ಉಂಟು.

ಚೀನೀಯರು ಅಷ್ಟಕ್ಕೇ ನಿಲ್ಲಲಿಲ್ಲ. ಪಾಷಾಣದ್ದೇ ಇನ್ನೊಂದು ಬಗೆಯಾದ ಮಣಿಶಿಲೆ, ನೀಲಿ, ಎರಡು ಬೇರು ಸೇರಿಸಿದ ಒಂದು ಮಾತ್ರೆ ಅವರಲ್ಲಿದೆ. ನೀಲಿ ಎಂದರೆ ಬಟ್ಟೆಗೆ ಬಣ್ಣ ಕಟ್ಟುವ ಅದೇ ನೀಲಿ. ಸೀರೆ ನೇಯುವ ಊರಿಗೆ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಆ ನೀಲಿಯಲ್ಲಿರುವ ಇಂಡಿರುಬಿನ್ ಎಂಬ ಕೆಂಪು ವಸ್ತು ಹಿಂದೆಯೇ ಬೇರೊಂದು ಬಗೆಯ ರಕ್ತದ ಕ್ಯಾನ್ಸರಿಗೆ ಬಳಕೆಗೆ ಬಂದಿತ್ತು. ಹನ್ನೊಂದು ಮೂಲಿಕೆಗಳ ಹಳೆಯ ಗುಳಿಗೆಯೊಂದನ್ನು ಬಿಡಿಸಿ ನೋಡುತ್ತ ಹೋದಾಗ ಕೆಲಸ ಮಾಡುತ್ತಿದ್ದುದು ನೀಲಿಯೊಂದೇ ಎಂದು ತಿಳಿದಿತ್ತು. ಹೊಸ ಮಾತ್ರೆಯಲ್ಲಿ ನೀಲಿ ಮತ್ತು ಬೇರಿನ ಕೆಲಸ ಬೇರೆ. ಕಣದ ಗೋಡೆಯಲ್ಲಿರುವ ಬಾಗಿಲುಗಳನ್ನು ಅವು ಹೆಚ್ಚಿಸುತ್ತವೆ, ಪಾಷಾಣ ಸುಲಭವಾಗಿ ಒಳಹೋಗುತ್ತದೆ. ಇದು 2008ರಲ್ಲಿ ಪ್ರಯೋಗಶಾಲೆಯಲ್ಲಿ ಸಾಬೀತಾಯಿತು. 242 ರೋಗಿಗಳ ಪರೀಕ್ಷೆಯಲ್ಲಿ ಈ ಮಾತ್ರೆ ಸೂಜಿಮದ್ದಿಗೆ ಸರಿಸಮ ನಿಂತಿತು. ಆಸ್ಪತ್ರೆಯಲ್ಲಿ ಮಲಗಿ ಹನಿ ಹಾಕಿಸಿಕೊಳ್ಳುವುದು ತಪ್ಪುತ್ತದೆಂಬುದು ದೊಡ್ಡ ಲಾಭ.

ನಮ್ಮ ಸೀಮೆಗೇ ಬಂದರೆ, ಯಳಂದೂರಿನ ಮೇಲೆ ಬಿಳಿಗಿರಿರಂಗನ ಬೆಟ್ಟವಿದೆ. ಅಲ್ಲಿ 1981ರಲ್ಲಿ ಡಾ. ಎಚ್. ಸುದರ್ಶನ್ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಮೇಲೆ ಅಲ್ಲಿನ ಗಿರಿಜನರಾದ ಸೋಲಿಗರ ರಕ್ತದಲ್ಲಿ ಇನ್ನೊಂದು ಕೇಡು ಕಂಡಿತು, ಕುಡುಗೋಲು ಕಣದ ರಕ್ತಹೀನತೆ. ಅದಕ್ಕೆ ಇವತ್ತು ಕೊಡುವ ಹೈಡ್ರಾಕ್ಸಿಯೂರಿಯಾ ಮಾತ್ರೆ ಮೊದಲು ಹೆಸರು ಮಾಡಿದ್ದು ರಕ್ತದ ಕ್ಯಾನ್ಸರಿನ ಮದ್ದಾಗಿ. ಸೋಲಿಗರ ಜೊತೆ ನೆಲ್ಲಿಕಾಯಿ, ಮಾಗಳಿ ಬೇರುಗಳ ಲೆಕ್ಕ ಹಾಕಿದ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಉಮಾಶಂಕರ್, ಗಣೇಶಯ್ಯ ಮುಂದೆ ಪಶ್ಚಿಮಘಟ್ಟದ ದುರ್ವಾಸನೆ ಮರದ ಬೆನ್ನು ಹತ್ತಿದರು. ಚೀನಾದ ಒಂದು ಮರದಲ್ಲಿ 1966ರಲ್ಲಿ ಮನ್ರೋ ವಾಲ್ ಮತ್ತು ನಮ್ಮ ದೇಶದ ಮನ್ಸುಖ್ ವಾನಿ ಕಂಡುಹಿಡಿದ ಕ್ಯಾಂಪ್ಟೊಥೆಸಿನ್ ಈ ಮರದಲ್ಲೂ ಇದೆಯೆಂದು 1972ರಲ್ಲಿ ಗೋವಿಂದಾಚಾರಿ ಮತ್ತವರ ಸಂಗಡಿಗರು ತೋರಿಸಿದ್ದರು. ಲ್ಯುಕೇಮಿಯಾ ಆದ ಇಲಿಗಳ ಮೇಲೆ ಕೆಲಸ ಮಾಡಿತೆಂದೇ ಅದು ಮೊದಲು ಹೆಸರಾಯಿತು, ಬಳಕೆಗೆ ಬಂದದ್ದು ಮಾತ್ರ ಕರುಳಿನ, ಅಂಡಾಶಯದ ಕ್ಯಾನ್ಸರಿಗೆ. ಬೇಡಿಕೆ ಏರಿದ್ದಕ್ಕೆ ಘಟ್ಟದಲ್ಲಿ ಮರಗಳು ಉರುಳಿದವು. ಮದ್ದಿನ ಮರಕ್ಕೇ ಅದು ನಂಜಾಯಿತು.

ಇನ್ನು ನಮ್ಮ ಹಿತ್ತಲಿನ ನಿತ್ಯಪುಷ್ಪ, ಕಾಶಿಕಣಗಿಲೆ ಎನ್ನುವುದೂ ಅದನ್ನೇ. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಜಮೈಕಾದಿಂದ ಲಕೋಟೆಯಲ್ಲಿ ಬಂದ ಅದರ ಎಲೆಗಳನ್ನು ಕೆನಡಾದ ರಾಬರ್ಟ್ ನೋಬಲ್ ಪರೀಕ್ಷಿಸಿದರು. ಸಕ್ಕರೆ ಇಳಿಯಲಿಲ್ಲ, ಇಲಿಗಳ ಬಿಳಿ ರಕ್ತಕಣ ಇಳಿಯಿತು. ಅದರಿಂದ ಬಂದ ವಿನ್‌ಕ್ರಿಸ್ಟಿನ್ 1963ರಿಂದ ಇವತ್ತಿನ ತನಕ ಮಕ್ಕಳ ರಕ್ತದ ಕ್ಯಾನ್ಸರಿನ ಮುಖ್ಯ ಮದ್ದುಗಳಲ್ಲೊಂದು. ಹಾಗೆಂದು ಎಲೆ ಅರೆದು ಕುಡಿದರೆ ಆಗದು. ಟನ್ನುಗಟ್ಟಲೆ ಎಲೆ ಬಸಿದರೆ ಸಿಗುವುದು ಗ್ರಾಂ ಲೆಕ್ಕದಲ್ಲಿ.

ಹನೂರಿನ ಕಡೆ ಒಡೆಯರಪಾಳ್ಯದಲ್ಲಿ ಟಿಬೆಟನ್ನರ ನೆಲೆ ಧೊಂಡೆನ್‌ಲಿಂಗ್ ಸಿಗುತ್ತದೆ. 1970ರ ದಶಕದಲ್ಲಿ ಇಲ್ಲಿಗೆ ಬಂದವರು ಮೆಕ್ಕೆಜೋಳದ ಜೊತೆ ತಮ್ಮ ವೈದ್ಯವನ್ನೂ ಉಳಿಸಿಕೊಂಡಿದ್ದಾರೆ. ಪಾದರಸವನ್ನು ಶುದ್ಧಿಮಾಡಿ ಗುಳಿಗೆಗೆ ಬೆರೆಸುವ ವಿದ್ಯೆ ಅವರಲ್ಲಿಯೂ ಉಂಟು, ನಮ್ಮ ರಸಶಾಸ್ತ್ರದಲ್ಲಿಯೂ ಉಂಟು. ನನ್ನ ತಕರಾರು ಈ ವಿದ್ಯೆಗಳ ಬಗ್ಗೆಯಲ್ಲ, ಗುಟ್ಟಿನ ಬಗ್ಗೆ. ನಮ್ಮ ಸೀಮೆಯಲ್ಲಿ ಎಷ್ಟು ಮಂದಿ ಹಿರಿಯರು ‘ಹೇಳಿದರೆ ಮದ್ದು ಹಿಡಿಯೋದಿಲ್ಲ’ ಎಂದುಕೊಂಡೇ ಮಣ್ಣಾದರೋ! ಅವರ ಮದ್ದಿನಲ್ಲಿ ಪಾಷಾಣ ಯಾವುದಿತ್ತು, ಕಪ್ಪೆ ನಂಜು ಯಾವುದಿತ್ತು ಎಂದು ಬಿಡಿಸಿ ನೋಡುವ ಚಾಂಗ್ ಟಿಂಗ್‌ಡೊಂಗ್ ನಮಗೆ ಸಿಗಲಿಲ್ಲ.

ನಂಜಿಗೆ ನಂಜೇ ಮದ್ದಾಗುವುದೂ ಉಂಟು. 2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಪ್ರಸಾದಕ್ಕೆ ಬಿದ್ದ ಕೀಟನಾಶಕ 17 ಜನರನ್ನು ಕೊಂದಿತು. ಅಂಥ ನಂಜಿಗೆ ಆಸ್ಪತ್ರೆಯವರು ಕೊಡುವ ಮದ್ದು ಅಟ್ರೋಪಿನ್; ಉಮ್ಮತ್ತಿಯ ಬಳಗದ ಗಿಡಗಳ ವಿಷ ಅದು. ಹುಚ್ಚು ಹಿಡಿಸುವ ಕಾಯಿಯ ಸತ್ವ ಅಳತೆಯಲ್ಲಿ ಹೋದರೆ ನಿಲ್ಲುವ ಉಸಿರನ್ನು ಹಿಡಿದು ನಿಲ್ಲಿಸುತ್ತದೆ.

ಇಷ್ಟು ಓದಿದವರಲ್ಲಿ ಒಂದು ಬಿನ್ನಹ. ಪಾಷಾಣ ಕ್ಯಾನ್ಸರಿಗೆ ಒಳ್ಳೆಯದಂತೆ ಎಂದು ಯಾರೂ ಪುಡಿ ಕಟ್ಟಿಸಿಕೊಂಡು ಬರಬೇಡಿ. ಅದು ಕೆಲಸ ಮಾಡುವುದು ಈ ಒಂದು ಬಗೆಯ ರೋಗಕ್ಕೆ, ಅದೂ ಅಳೆದು ತೂಗಿ ಕೊಟ್ಟಾಗ. ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ ಎದ್ದರೆ, ಒಸಡಿನ ರಕ್ತ ನಿಲ್ಲದಿದ್ದರೆ, ಯಾರೋ ಮದ್ದು ಇಕ್ಕಿದರೆಂದು ತೆಗೆಸಲು ಓಡಾಡುತ್ತ ದಿನ ಕಳೆಯದೆ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ಈ ರೋಗದಲ್ಲಿ ಈಗಲೂ ಸಾಯುವವರಲ್ಲಿ ಹೆಚ್ಚಿನವರು ಮದ್ದು ಹಿಡಿಯದೆ ಸಾಯುವವರಲ್ಲ, ಮದ್ದು ಶುರುವಾಗುವ ಮೊದಲ ದಿನಗಳಲ್ಲೇ ರಕ್ತಸ್ರಾವವಾಗಿ ಹೋಗುವವರು. ಮದ್ದಂತೂ ಇದೆ: ವಿಶ್ವ ಆರೋಗ್ಯ ಸಂಸ್ಥೆಯ ಅತ್ಯವಶ್ಯಕ ಔಷಧಿಗಳ ಪಟ್ಟಿಗೆ 2019ರಲ್ಲಿ ಪಾಷಾಣವೂ ಸೇರಿದೆ.